ಶಾರದಾಳ ಗಂಟಲು

ಶಾರದಾ, ನಿನ್ನ ಗಂಟಲು ಕೆಟ್ಟಿರಲಿಲ್ಲ. ಕೆಟ್ಟಿದೆ ಎಂದು ಗುರುಗಳಿಗೆ ಹೇಳಿದವಳು ನಾನು — ಸುಳ್ಳೆಂದು ಗೊತ್ತಿದ್ದೇ ಹೇಳಿದೆ.

ನೀನು ಹುಬ್ಬಳ್ಳಿಯ ನಾಟಕ ಕಂಪನಿಯಲ್ಲಿ ಹಾಡಿ ಬೆಳೆದವಳು. ಮಾಳಮಡ್ಡಿಯ ಗುರುಗಳ ಮನೆಗೆ ಹಿಂದೂಸ್ತಾನಿ ಖ್ಯಾಲ್ ಕಲಿಯಲು ಬಂದಾಗ ನಾನಲ್ಲಿ ಹಿರಿಯ ಶಿಷ್ಯೆ, ನಿನಗೆ ಅಕ್ಕ. ನಿಮ್ಮ ರಂಗಗೀತೆಯಲ್ಲಿ ಮಾತು ಮುಖ್ಯ. ಕೊನೆಯ ಬೆಂಚಿನವನಿಗೂ ಅಕ್ಷರ ಕೇಳುವಂತೆ ಎದೆಯಿಂದ ದನಿ ಎಸೆಯಬೇಕು. ನಮ್ಮ ಖ್ಯಾಲಿನಲ್ಲಿ ಎಸೆಯುವಂತಿಲ್ಲ. ಉಸಿರನ್ನು ಸ್ವಲ್ಪಸ್ವಲ್ಪವೇ ಬಿಡುತ್ತ ಒಂದೇ ಸ್ವರದ ಮೇಲೆ ನಿಲ್ಲಬೇಕು. ಎರಡೂ ಒಂದೇ ಗಂಟಲಿಗೆ ಒಗ್ಗುವುದಿಲ್ಲವೆಂದು ನಾವೆಲ್ಲ ಮೂಗು ಮುರಿಯುತ್ತಿದ್ದೆವು.

ಒಂದು ಮಧ್ಯಾಹ್ನ ನಾನು ತಡವಾಗಿ ಬಂದೆ. ಒಳಗೆ ನೀನೊಬ್ಬಳೇ ಕೂತು ಕೆಳಗಿನ ಷಡ್ಜ ಹಿಡಿದಿದ್ದೆ. ಎಷ್ಟು ಹೊತ್ತು — ಒಂದಿಷ್ಟೂ ನಡುಕವಿಲ್ಲ. ಆಮೇಲೆ ಬೇಸರ ಕಳೆಯಲೆಂದೋ ಏನೋ, ನಾಟಕದ ಪದವೊಂದನ್ನು ಎತ್ತಿದೆ. ಅದೂ ಅಷ್ಟೇ ಚೆಂದ. ಚಪ್ಪಲಿಯನ್ನೂ ಬಿಡದೆ ನಾನು ಹೊರಗೇ ನಿಂತೆ. ಹೊಟ್ಟೆ ಉರಿಯಿತು, ಶಾರದಾ. ವರ್ಷಗಟ್ಟಲೆ ತಿಕ್ಕಿದರೂ ನನಗೆ ಎರಡರಲ್ಲಿ ಒಂದಾದರೂ ಹಾಗೆ ಬಂದಿರಲಿಲ್ಲ.

ನಿನ್ನ ಕೈಗೆ ಗಂಡಾ ದಾರ ಕಟ್ಟಿ, ಶಿಷ್ಯೆಯೆಂದು ಎಲ್ಲರೆದುರು ಒಪ್ಪಿಕೊಳ್ಳುವ ಆಸೆ ಗುರುಗಳಿಗಿತ್ತು. ಆ ದಾರ ಕಟ್ಟುವ ಮೊದಲು ಹಿರಿಯ ಶಿಷ್ಯರನ್ನು ಕೇಳುವುದು ಅವರ ಪದ್ಧತಿ. ನನ್ನನ್ನು ಕೇಳಿದರು.

"ಆಕಿ ಗಂಟಲಾ ನಾಟಕಕ್ಕ ಒಗ್ಗಿ ಕೆಟ್ಟು ಹೋಗೇದ್ರಿ. ಖ್ಯಾಲಕ್ಕ ಬಗ್ಗೂದಿಲ್ರಿ," ಎಂದೆ.

ಅವರು ನನ್ನನ್ನು ನಂಬಿದರು. ನಾನು ಹೇಳಿದ್ದೆಂದೇ ನಿನಗೂ ಅದನ್ನು ತಿಳಿಸಿದರು. ನೀನು ಬರುವುದನ್ನು ಬಿಟ್ಟೆ. ನಾಟಕದ ಹಾಡನ್ನೂ ಬಿಟ್ಟೆಯೆಂದು ಆಮೇಲೆ ತಿಳಿಯಿತು. ಆಗಲಾದರೂ —

ಮೊನ್ನೆ ದುರ್ಗದಬೈಲಿನ ಪೇಟೆಯಲ್ಲಿ ಮೊಮ್ಮಗಳ ಕೈ ಹಿಡಿದುಕೊಂಡು ನೀನು ಎದುರಾದೆ. ಆ ಗದ್ದಲದಲ್ಲೂ ಬಗ್ಗಿ ನನ್ನ ಕಾಲು ಮುಟ್ಟಿದೆ.

"ಅಕ್ಕಾರ, ಅವತ್ತ ನೀವು ಖರೇ ಹೇಳಿ ನನ್ನ ಉಳಿಸಿದ್ರಿ. ಇಲ್ಲಂದ್ರ ನಾಕು ಮಂದ್ಯಾಗ ನಗಿಗೀಡ ಆಗ್ತಿದ್ದೆ. ಈಕಿನೂ ನಾಟಕದ ಪದಾ ಹಾಡ್ತಾಳ್ರಿ, ಖ್ಯಾಲೂ ಕಲೀತೇನಿ ಅಂತಾಳ. ಗಂಟಲಾ ಕೆಡತೈತಿ, ಯಾವುದೂ ಬ್ಯಾಡ ಅಂತ ಬಾಯಿ ಮುಚ್ಚಿಸೇನಿ."

ನಾನು ಆಗಲೂ ಸುಮ್ಮನೆ ನಕ್ಕು, ಹುಡುಗಿಯ ಕೆನ್ನೆ ತಟ್ಟಿ ಬಂದೆ.

ಇನ್ನು ಸಾಕು, ಅದಕ್ಕೇ ಈ ಕಾಗದ. ಗುರುಗಳು ಹೋದರು, ಅವರೆದುರು ಹೇಳಲಾರೆ. ಈ ಭಾನುವಾರ ನನ್ನ ಶಿಷ್ಯರಿಗೆ ಗಂಡಾ ಕಟ್ಟುವುದಿದೆ. ಅಂದಿನ ನಮ್ಮ ಜೊತೆಯವರೂ ಬರುತ್ತಾರೆ. ದಾರ ಮುಟ್ಟುವ ಮೊದಲು ಅವರೆಲ್ಲರಿಗೂ ಇದನ್ನು ಹೇಳುತ್ತೇನೆ. ನೀನು ಬಂದರೂ ಸರಿ, ಬಾರದಿದ್ದರೂ ಸರಿ, ಹೇಳಿಯೇ ತೀರುತ್ತೇನೆ. ಕ್ಷಮಿಸು ಎನ್ನುವುದಿಲ್ಲ — ಯಾವ ಬಾಯಿಂದ ಎನ್ನಲಿ? ಆ ಹುಡುಗಿ ಮಾತ್ರ ಭಾನುವಾರದ ತನಕ ಕಾಯುವುದು ಬೇಡ. ಇವತ್ತೇ ಹಾಡಲಿ, ಎರಡನ್ನೂ ಹಾಡಲಿ. ಅವಳ ಬಾಯಿ ಮುಚ್ಚಿಸಿದವಳು ನೀನಲ್ಲ, ನಾನು.