ಖಂಡೇಪೂಜೆಗೆ ತೊಳೆದ ಮಷಿನ್

ಇಳಕಲ್ಲಿನ ಗ್ರಾನೈಟ್ ಶೆಡ್ಡೊಂದರಲ್ಲಿ ನಾನೂ ನಮ್ಮಣ್ಣನೂ ಕೆಲಸಕ್ಕಿದ್ದೆವು. ದಸರೆಯ ಖಂಡೇಪೂಜೆಗೆ, ಅಂದರೆ ಆಯುಧಪೂಜೆಗೆ, ಹತಾರ ತೊಳೆಯುವುದು ನನ್ನ ಪಾಲು. ಉಳಿ, ಸುತ್ತಿಗೆ, ಹಾರೆ ಎಲ್ಲವನ್ನೂ ನೀರಲ್ಲಿ ಅದ್ದಿ ತಿಕ್ಕಿ, ವಿಭೂತಿ ಬಳಿದು ಸಾಲಾಗಿ ಇಡಬೇಕು. ಎಂಬತ್ತರ ದಶಕದ ಆ ವರ್ಷ ಸಾಲಿಗೆ ಹೊಸದೊಂದು ಸೇರಿತ್ತು: ಕಲ್ಲಿನ ಅಂಚು ನುಣುಪು ಮಾಡುವ, ಕೈಯಲ್ಲಿ ಹಿಡಿಯುವ ಕರೆಂಟಿನ ಮಷಿನ್. ಅದನ್ನು ನಡೆಸುತ್ತಿದ್ದವನು ಅಣ್ಣನೊಬ್ಬನೇ.

ಅದನ್ನೂ ತೊಳೆಯಬೇಕೋ ಬೇಡವೋ? ತೊಳೆಯದ ಹತಾರಕ್ಕೆ ವಿಭೂತಿ ಹಚ್ಚುವುದಾದರೂ ಹೇಗೆ? ಕೇಳಿದರೆ ನಗುತ್ತಾರೆಂದು ಯಾರನ್ನೂ ಕೇಳಲಿಲ್ಲ. ಎರಡು ತಂಬಿಗೆ ನೀರು ಸುರಿದೆ. ಎಂಥಾ ಶಾಣ್ಯಾ ನೋಡ್ರಿ ನಾನು!

ಆರತಿ ಆದಮೇಲೆ ಮಾಲಕರು, "ಒಂದೀಟು ಚಾಲೂ ಮಾಡಿ ತೋರಸ್ರಿ," ಅಂದರು. ಅಣ್ಣ ಎತ್ತಿಕೊಂಡು ಬಟನ್ ಒತ್ತಿದ. ಮಷಿನ್ ತಿರುಗಲಿಲ್ಲ, ಅಣ್ಣನೇ ನಡುಗತೊಡಗಿದ. ಚಾಷ್ಟಿ ಮಾಡುತ್ತಿದ್ದಾನೆಂದು ನಾನು ನಕ್ಕೂಬಿಟ್ಟೆ. ಅವನ ಕಣ್ಣು ನೋಡಿದ ಮೇಲೆ ಹಿಡಿಯಲು ಓಡಿದೆ.

"ಅವನ್ನ ಮುಟ್ಟಬ್ಯಾಡಲೇ! ಪ್ಲಗ್ ಕೀಳು!" ಎಂದು ಮೇಸ್ತ್ರಿ ಒದರಿದ.

ಪ್ಲಗ್ ಎಲ್ಲಿದೆ? ಬೋರ್ಡಿನ ತುಂಬ ನಾನೇ ಚೆಂಡು ಹೂವಿನ ಮಾಲೆ ಹಾಕಿದ್ದೆ. ಮಾಲೆ ಕಿತ್ತೆ, ಆಮೇಲೆ ಪ್ಲಗ್ ಕಿತ್ತೆ. ಅಣ್ಣ ದೊಪ್ಪನೆ ಬಿದ್ದ.

ಜೀವ ಉಳಿಯಿತು. ಬಲಗೈ ಸುಟ್ಟಿತ್ತು, ಬೆರಳು ಮತ್ತೆ ಮಡಚುತ್ತವೋ ಇಲ್ಲವೋ ಡಾಕ್ಟರರಿಗೂ ಗೊತ್ತಿರಲಿಲ್ಲ. ಕೈ ಹೋದರೆ ಕಲ್ಲಿನ ಕೆಲಸವೂ ಹೋದಂತೆ. ವೈರ್‌ಮನ್ ಬಂದು ಮಷಿನ್ ಬಿಚ್ಚಿ ನೋಡಿ, "ಒಳಗ ನೀರ ಹೊಕ್ಕೈತಿ. ಅರ್ಥಿಂಗ್ ವೈರೂ ಹಚ್ಚಿಲ್ಲ," ಅಂದ. ಶೆಡ್ಡಿನಲ್ಲಿದ್ದದ್ದು ಎರಡೇ ತೂತಿನ ಬೋರ್ಡು, ಮೂರನೇ ವೈರು ಯಾಕೆಂದು ಅಣ್ಣನೇ ಅದನ್ನು ಕತ್ತರಿಸಿದ್ದ. ಹಾಗಾದರೆ ತಪ್ಪು ನೀರಿನದೋ, ವೈರಿನದೋ? ಎರಡೂ ಅಂತ ವೈರ್‌ಮನ್ ಸಲೀಸಾಗಿ ಹೇಳಿ ಹೋದ. ನನಗೆ ಮಾತ್ರ ಇವತ್ತಿಗೂ ಬಗೆಹರಿದಿಲ್ಲ. ಅಣ್ಣನ ಮೇಲೆ ಸಿಟ್ಟು ಬಂದ ದಿನ ವೈರು ಅನ್ನುತ್ತೇನೆ, ಉಳಿದ ದಿನ ನೀರು.

ದವಾಖಾನೆಯಲ್ಲಿ ಅಣ್ಣನ ಹೆಂಡತಿ, ನಮ್ಮ ವೈನಿ, ಅವನಿಗೆ ಅನ್ನ ಉಣಿಸುತ್ತ, "ಕರೆಂಟಿನ ಸಾಮಾನಿಗೆ ನೀರ ಹಾಕಿದವ್ರು ಯಾರು?" ಎಂದು ಕೇಳಿದಳು.

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅಣ್ಣ, "ನಾನಽ ಹಾಕಿದ್ನಿ," ಅಂದ. ಯಾಕೆ ಹಾಗಂದನೋ ನನಗೆ ತಿಳಿಯಲಿಲ್ಲ. ನನ್ನ ಕಡೆ ನೋಡಲೂ ಇಲ್ಲ.

ವೈನಿ ಕಣ್ಣೊರೆಸಿಕೊಂಡು ನನ್ನತ್ತ ತಿರುಗಿದಳು: "ನಿಮ್ಮಣ್ಣಗ ಇಂಥಾವೆಲ್ಲ ತಿಳಿಯಂಗಿಲ್ಲ. ಇನ್ನ ಮ್ಯಾಲ ನೀನರ ನೋಡ್ಕೋಪಾ."

ಹೂಂ ಅಂದೆ.