ಸೀಮೆಸುಣ್ಣ ಹಚ್ಚಿದ ಟೇಪು

ಎಂಬತ್ತರ ದಶಕದ ಕೊನೆಯಲ್ಲಿ ಅಂತರ್ಜಲ ಅಳೆಯುವ ಕೆಲಸ ನನ್ನದು. ಚಿಂತಾಮಣಿ, ಶಿಡ್ಲಘಟ್ಟದ ಕಡೆಯ ಹಳ್ಳಿಗಳಿಗೆ ತಿಂಗಳಿಗೊಮ್ಮೆ ಬಸ್ಸಿನಲ್ಲಿ ಹೋಗಿ, ಗೊತ್ತುಮಾಡಿದ ಬಾವಿಗಳಿಗೆ ಉಕ್ಕಿನ ಟೇಪು ಇಳಿಬಿಡುತ್ತಿದ್ದೆ. ಅದರ ತುದಿಗೆ ಸೀಮೆಸುಣ್ಣ ಬಳಿದಿರುತ್ತಿದ್ದೆ. ಒದ್ದೆಯಾದಲ್ಲಿ ಬಣ್ಣ ಬದಲಾಗಿ, ನೀರು ಎಷ್ಟು ಆಳದಲ್ಲಿದೆ ಎಂದು ತಿಳಿಯುತ್ತಿತ್ತು. ಕಂಡವರು "ಏನಮ್ಮ, ಮೀನು ಸಿಕ್ತಾ?" ಎಂದು ರೇಗಿಸುತ್ತಿದ್ದರು. ರೇಗಿಸಲಿ. ಇಂಥ ಅಳತೆಗಳನ್ನೆಲ್ಲ ಸೇರಿಸಿಯೇ ಯಾವ ಊರಿನ ನೆಲದಲ್ಲಿ ಎಷ್ಟು ನೀರು ಉಳಿದಿದೆ, ಇನ್ನೂ ಬೋರ್ ಕೊರೆಯಬಹುದೇ ಎಂದು ಸರ್ಕಾರ ಯೋಚಿಸುತ್ತಿತ್ತು.

ಕೈವಾರದಿಂದಾಚೆಯ ಒಂದು ಹಳ್ಳಿಯಲ್ಲಿ ನನ್ನ ಪಾಲಿಗೆ ಎರಡು ಬಾವಿ: ಒಂದು ಆಚೆ ಬೀದಿಯಲ್ಲಿ, ಇನ್ನೊಂದು ಒಬ್ಬ ಅಜ್ಜಿಯ ಹಿತ್ತಲಲ್ಲಿ. ಅಲ್ಲಿಗೆ ಹೋಗುತ್ತಿದ್ದದ್ದು ತಿಂಗಳ ಮೊದಲ ಸೋಮವಾರ. ಮನೆ ತುಂಬ ಜನ, ಆದರೆ ಎಲ್ಲರಿಗೂ ರೇಷ್ಮೆ ಹುಳುವಿಗೆ ಸೊಪ್ಪು ಹಾಕುವ ಗಡಿಬಿಡಿ. ಅಜ್ಜಿಗೆ ಪುರುಸೊತ್ತಾಗಿ ಮಾತಿಗೆ ಸಿಗುತ್ತಿದ್ದವಳು ನಾನೊಬ್ಬಳೇ. ತೆಲುಗಿನ ಅಕ್ಕರೆಯಲ್ಲಿ ನನ್ನನ್ನು "ತಲ್ಲಿ", ಅಂದರೆ ತಾಯಿ, ಎನ್ನುತ್ತಿದ್ದರು. ಅಳತೆ ಮುಗಿದ ಮೇಲೆ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ತಿನ್ನದೆ ಏಳಲು ಬಿಡುತ್ತಿರಲಿಲ್ಲ.

ಒಂದು ಬೇಸಿಗೆ ಸುತ್ತಲಿನ ಬಾವಿಗಳು ಒಂದೊಂದಾಗಿ ಬತ್ತಿದವು. ಬತ್ತಿದ ಬಾವಿಯನ್ನು ಕಚೇರಿ ಕೈಬಿಡುತ್ತಿತ್ತು. ಅಜ್ಜಿಯ ಬಾವಿಯಲ್ಲಿ ಮಾತ್ರ ತಳದ ಸಣ್ಣ ಗುಂಡಿಯಲ್ಲಿ ಗೇಣಿನಷ್ಟು ನೀರು. ಹೇಗೆಂದು ನನಗೆ ತಲೆಬುಡ ತಿಳಿಯಲಿಲ್ಲ. ಕೊನೆಗೆ ಸೊಪ್ಪಿನ ಬುಟ್ಟಿ ಹೊತ್ತು ಬಂದ ಸೊಸೆ ನಗುತ್ತಾ ಗುಟ್ಟು ಬಿಟ್ಟುಕೊಟ್ಟಳು: "ನೀವು ಬರೋ ದಿನ ಬೆಳಗ್ಗೇನೇ ನಮ್ಮತ್ತೆ ಕೈಪಂಪಿಂದ ಕೊಡ ಹೊತ್ಕೊಂಡು ಬಂದು ಬಾವೀಗೆ ಸುರೀತಾರೆ ಕಣಕ್ಕ."

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. "ಏನಜ್ಜಿ ಇದು? ಇಲ್ಲಿ ನೀರಿದೆ ಅಂತ ನಾನು ಬರೆದ್ರೆ ಇನ್ನಷ್ಟು ಬೋರ್ ಕೊರೀತಾರೆ. ಇರೋದೂ ಹೋಗುತ್ತೆ!" ಎಂದು ರೇಗಿದೆ.

ಅಜ್ಜಿ ಒದ್ದೆ ಸೆರಗು ಹಿಂಡುತ್ತಾ ನಿಂತರು. "ಆಚೆ ಬೀದಿ ಬಾವಿ ಬತ್ತಿದ್ಮೇಲೆ ನೀನು ಆ ಕಡೆ ತಿರುಗೂ ನೋಡ್ಲಿಲ್ವಲ್ಲ ತಲ್ಲಿ. ಇದೂ ಬತ್ತಿದ್ರೆ ನಮ್ಮನೇಗ್ಯಾಕೆ ಬರ್ತೀಯ?"

ಆ ವಯಸ್ಸಿನಲ್ಲಿ, ಮಂಡಿನೋವು ಇಟ್ಟುಕೊಂಡು, ಅವರು ಕೊಡ ಹೊತ್ತದ್ದು ನನಗಾಗಿ. ಸಿಟ್ಟು ಇಳಿದು ಅಳು ಬಂತು. ಆದರೂ ಆ ಬಾವಿಯ ಬೇಸಿಗೆಯ ಅಳತೆಗಳನ್ನು ನಂಬಬೇಡಿ ಎಂದು ಕಚೇರಿಯಲ್ಲಿ ಹೇಳಲೇಬೇಕಿತ್ತು, ಹೇಳಿದೆ.

ಮುಂದಿನ ತಿಂಗಳು ಅಜ್ಜಿ ಒಂದು ಹನಿಯನ್ನೂ ಸುರಿದಿರಲಿಲ್ಲ. ಟೇಪು ಮೇಲೆ ಬಂದಾಗ ಸೀಮೆಸುಣ್ಣ ಹಚ್ಚಿದ ಹಾಗೆಯೇ ಬೆಳ್ಳಗಿತ್ತು. ನಾನು ಬಾಯಿ ತೆರೆಯುವ ಮೊದಲೇ ಅವರು, "ಇರೋದನ್ನೇ ಬರ್ಕೋ" ಎಂದು ಒಳಗೆ ಹೋದರು. ಕಚೇರಿ ಆ ಬಾವಿಯನ್ನೂ ಕೈಬಿಟ್ಟಿತು.

ಅದರ ಮುಂದಿನ ತಿಂಗಳ ಮೊದಲ ಸೋಮವಾರ, ಟೇಪಿಲ್ಲದೆ, ಅದೇ ಬಸ್ಸಿನಿಂದ ಇಳಿದೆ. ಮನೆಯವರ ಊಟ ಮುಗಿದು ಎಂಜಲು ತಟ್ಟೆಗಳು ಹಿತ್ತಲು ಸೇರಿದ್ದವು. "ಅಳೆಯೋಕೇನೂ ಇಲ್ವಲ್ಲ, ಈ ಬಿಸಿಲಲ್ಲಿ ಯಾಕ್ ಬಂದೆ?" ಎಂದು ಅಜ್ಜಿ ಗದರಿದರು. ಗದರುತ್ತಲೇ ಒಲೆಯ ಪಕ್ಕ ಮುಚ್ಚಿಟ್ಟಿದ್ದ ತಟ್ಟೆಯನ್ನು ತಂದು ನನ್ನ ಮುಂದಿಟ್ಟರು. ರೊಟ್ಟಿ ಇನ್ನೂ ಬೆಚ್ಚಗಿತ್ತು.