ಮಂಕರಿಯ ಕೆಳಗಿನ ಕೋಳಿ

ಇದನ್ನು ಹೇಳುವುದನ್ನು ಬಹಳ ದಿನದಿಂದ ಮುಂದೂಡುತ್ತ ಬಂದಿದ್ದೇನೆ. ಕಣ್ಣಿನ ಆಪರೇಷನ್ ಆಗಲಿ ಎಂದೆ, ಆಮೇಲೆ ಭತ್ತದ ಕೊಯ್ಲು ಮುಗಿಯಲಿ ಎಂದೆ. ಎರಡೂ ಮುಗಿದವು. ಹೇಳಲು ಕುಳಿತರೆ ಈಗಲೂ ಮೊದಲು ಬರುವುದು ಮಾತಲ್ಲ, ನಮ್ಮ ಹಿತ್ತಲಿನ ಆ ವಾಸನೆ.

ನಮ್ಮದು ಶಿಕಾರಿಪುರ ತಾಲ್ಲೂಕು, ಉಡುತಡಿಯ ಕಡೆ. ಅಣ್ಣ ತೀರಿಕೊಂಡ ಮೇಲೂ ಅತ್ತಿಗೆ ನಮ್ಮ ಜೊತೆಗೇ ಇದ್ದರು. ಸೊರಬದ ಆಚೆಯ ಜಡೆ ಅವರ ತವರು. ಮನೆಯ ನಾಟಿಕೋಳಿಗಳೆಲ್ಲ ಅವರ ಕೈಯಲ್ಲೇ ಬೆಳೆದವು. ಗೂಡು ಗುಡಿಸುವುದು, ಹೇಂಟೆಯನ್ನು ಕಾವಿಗೆ ಕೂರಿಸುವುದು, ಮರಿಗಳಿಗೆ ನುಚ್ಚು ಹಾಕುವುದು ಎಲ್ಲ ಅವರೇ. ಉಳಿಯಲಾರದ ಕೋಳಿಯನ್ನು ಮುಗಿಸುತ್ತಿದ್ದವರೂ ಅವರೇ.

ಅವರು ಅದನ್ನು ಮಾಡುತ್ತಿದ್ದ ರೀತಿ ಇನ್ನೂ ಕಣ್ಣಮುಂದಿದೆ. ಕೋಳಿಯನ್ನು ಅಟ್ಟಾಡಿಸಿ ಹಿಡಿಯುತ್ತಿರಲಿಲ್ಲ. ಮೆಲ್ಲಗೆ ಎತ್ತಿ, ಉಳಿದ ಕೋಳಿಗಳಿಗೆ ಕಾಣದ ಕಡೆಗೆ ಒಯ್ದು, ಸೆರಗಿನಲ್ಲಿ ಅದರ ತಲೆ ಮುಚ್ಚಿ, ಬಡಿದಾಟ ನಿಲ್ಲುವವರೆಗೆ ಬೆನ್ನು ಸವರುತ್ತಿದ್ದರು. ಆಮೇಲೆ ಒಂದೇ ಎಳೆತ. ಕತ್ತಿನ ಕೀಲು ತಪ್ಪುತ್ತಿತ್ತು. ಕಣ್ಣನ್ನು ಬೆರಳಲ್ಲಿ ಮುಟ್ಟಿ ನೋಡಿ, ರೆಪ್ಪೆ ಮಿಸುಕದಿದ್ದರೆ ಮಾತ್ರ ಕೆಳಗಿಡುತ್ತಿದ್ದರು. ರೋಗದ ಕೋಳಿಯಾದರೆ ಆಳಕ್ಕೆ ತೋಡಿ, ಸುಣ್ಣ ಹಾಕಿ ಹೂಳುತ್ತಿದ್ದರು.

ನಾನು ಆಗಷ್ಟೇ ಊರ ದೇವಸ್ಥಾನದ ಸಮಿತಿಗೆ ಸೇರಿ ಮಾಂಸ ಬಿಟ್ಟಿದ್ದೆ. ಹೊಸದಾಗಿ ಬಿಟ್ಟವನ ನಾಲಿಗೆ ಉದ್ದ. ಕೋಳಿಗಳ ಕಾಲು ಕಟ್ಟಿ, ಸ್ಕೂಟರಿನ ಹ್ಯಾಂಡಲ್ಲಿಗೆ ತಲೆಕೆಳಗಾಗಿ ನೇತುಹಾಕಿಕೊಂಡು ಶಿಕಾರಿಪುರದ ಅಂಗಡಿಗೆ ಮಾರಿ ಬರುತ್ತಿದ್ದವನೂ ನಾನೇ. ಆದರೂ ನಾನು ಕೊಲ್ಲುವವನಲ್ಲ ಎಂಬ ನಂಬಿಕೆ ನನಗಿತ್ತು. ನಮ್ಮ ಅಜ್ಜನ ಕಾಲದ್ದೆಂದು ಒಂದು ಪದ್ಧತಿಯನ್ನೂ ಮತ್ತೆ ಎತ್ತಿ ತಂದೆ. ರೋಗ ಬಂದ ಕೋಳಿಯನ್ನು ಬೇಲಿಯ ಮೂಲೆಯಲ್ಲಿ ಬಿದಿರಿನ ಮಂಕರಿ ಕವುಚಿ ಮುಚ್ಚುವುದು, ಒಂದು ಹಿಡಿ ಅಕ್ಕಿ ಚೆಲ್ಲುವುದು, ‘ಶಿವನ ಪಾಲು’ ಎಂದು ಕೈಮುಗಿದು ಬರುವುದು. ಕೋಳಿ ತಾನಾಗಿಯೇ ಸಾಯುತ್ತಿತ್ತು, ಪಾಪ ಯಾರಿಗೂ ಇಲ್ಲ. ಮಂಕರಿ ಎತ್ತಿ ಒಳಗಿದ್ದುದನ್ನು ತೆಗೆಯುವ ಕೆಲಸ ಮಾತ್ರ ಅತ್ತಿಗೆಗೆ ಬಿಟ್ಟಿದ್ದೆ.

ಆ ವರ್ಷ ಮಗಳು ಬಾಣಂತನಕ್ಕೆ ಬಂದಿದ್ದಳು. ಮಗುವಿಗೆ ಎಣ್ಣೆ ಹಚ್ಚಿ ಎರೆಯುತ್ತಿದ್ದವರು ಅತ್ತಿಗೆ. ಅವರಿಗೆ ಮಕ್ಕಳಿರಲಿಲ್ಲ. “ದೊಡ್ಡವ್ವನೇ ತೊಟ್ಟಿಲಿಗೆ ಹಾಕ್ಬೇಕು” ಎಂದು ಮಗಳು ಹಟ ಹಿಡಿದಳು. ಗಂಡ ಇಲ್ಲದವರು ಹೇಗೆ ಹಾಕುವುದು ಎಂದು ಗೊಣಗಿದವರ ಬಾಯಿಯನ್ನು ನಾನೇ ಮುಚ್ಚಿಸಿದೆ. ಅದರ ಹೆಮ್ಮೆಯೂ ನನಗಿತ್ತು. ಅತ್ತಿಗೆ ಆ ದಿನಕ್ಕೆಂದು ಹಳೆಯ ಸೀರೆಯನ್ನು ತೊಳೆದು ಮಡಿಸಿ ಇಟ್ಟುಕೊಂಡಿದ್ದರು.

ತೊಟ್ಟಿಲು ಹಾಕುವ ದಿನ ಬೀಗರೆಲ್ಲ ಹಿತ್ತಲಕಡೆ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದರು. ಅತ್ತಿಗೆ ಮಂಕರಿ ಎತ್ತಿದರು. ಕೊಕ್ಕರೆ ರೋಗ ತಗುಲಿ ಕತ್ತು ತಿರುಚಿಕೊಂಡಿದ್ದ ಕೋಳಿ ಇನ್ನೂ ಉಸಿರಾಡುತ್ತಿತ್ತು. ಹಸಿರು ಹಿಕ್ಕೆಯಲ್ಲಿ ಪುಕ್ಕವೆಲ್ಲ ಅಂಟಿಕೊಂಡಿತ್ತು.

“ತಮ್ಮ, ಇದನ್ನ ಯಾವಾಗ ಮುಚ್ಚಿದ್ದು?”

“ನಿನ್ನೆ. ಅದರ ಪಾಡಿಗೆ ಅದು ಹೋಗ್ಲಿ ಬಿಡ್ರಿ ಅತ್ತಿಗಿ.”

“ಎಲ್ಲಿಗೆ ಹೋಗ್ತದೆ? ಕಣ್ಣಿಗೆ ಇರುವೆ ಹತ್ಯಾವೆ ನೋಡು. ಪಾಲು ತಗಳಕ್ಕೆ ನಿನ್ನ ಶಿವ ಇನ್ನೂ ಬಂದಿಲ್ಲ, ಇರುವೆ ಬಂದಾವೆ.”

ಬೀಗರು ನಕ್ಕರು. ನನಗೆ ಚುಚ್ಚಿದ್ದು ಕೋಳಿಯ ಕಣ್ಣಲ್ಲ, ಆ ನಗು.

ಅತ್ತಿಗೆ ಕೊಟ್ಟಿಗೆಯ ಹಿಂದೆ ಹೋಗಿ ಅದನ್ನು ಮುಗಿಸಿದರು, ಹೂತರು, ತಲೆಗೆ ಸ್ನಾನ ಮಾಡಿ ಆ ಸೀರೆ ಉಟ್ಟು ಬಂದರು. ಮಗುವನ್ನು ಎತ್ತಿಕೊಂಡು ತೊಟ್ಟಿಲ ಕಡೆ ಬಾಗುವಾಗ ನಾನು ಎಲ್ಲರಿಗೂ ಕೇಳುವಂತೆ ಹೇಳಿದೆ: “ಕತ್ತು ಮುರಿದ ಕೈ ತೊಟ್ಟಿಲು ಮುಟ್ಟೋದು ಬ್ಯಾಡ.”

“ಇರ್ಲಿ ಬಿಡ್ರಿ, ಸ್ನಾನ ಮಾಡಿ ಬಂದಾರಲ್ಲ” ಎಂದರು ಅಳಿಯನ ತಂದೆ.

“ಸ್ನಾನ ಮಾಡಿದ್ರೆ ಕಟುಕರೆಲ್ಲ ಸ್ವಾಮಿಗಳಾಗ್ತಾರೇನ್ರಿ?”

ಈ ಸಲ ಜನ ನಕ್ಕಿದ್ದು ನನ್ನ ಮಾತಿಗೆ. ಅತ್ತಿಗೆ ಮಗುವನ್ನು ಮಗಳ ಮಡಿಲಿಗೆ ಕೊಟ್ಟರು. ತಮ್ಮ ಅಂಗೈಯನ್ನು ಒಮ್ಮೆ ನೋಡಿಕೊಂಡರು. “ಆತು ತಮ್ಮ” ಎಂದಷ್ಟೇ ಹೇಳಿ ಅಡುಗೆಮನೆಗೆ ಹೋದರು. ಬಂದವರಿಗೆಲ್ಲ ಬಡಿಸಿದರು. ಸ್ವಲ್ಪ ದಿನದಲ್ಲೇ ಜಡೆಯ ತವರುಮನೆಯಲ್ಲಿ ಕೆಲಸವಿದೆಯೆಂದು ಹೊರಟರು. ಮತ್ತೆ ಬರಲಿಲ್ಲ. ಬನ್ನಿ ಎಂದು ನಾನು ಕರೆಯಲೂ ಇಲ್ಲ.

ರೋಗ ಅಲ್ಲಿಗೇ ನಿಲ್ಲಲಿಲ್ಲ. ಗೂಡಿನ ಕೋಳಿಗಳೆಲ್ಲ ಒಂದರ ಹಿಂದೊಂದು ಕತ್ತು ತಿರುಚತೊಡಗಿದವು. ನಾನು ಮುಚ್ಚುತ್ತಲೇ ಹೋದೆ. ಈಗ ಮಂಕರಿ ಎತ್ತುವವನೂ ನಾನೇ. ಒಂದರ ಹೊಟ್ಟೆಯ ಕೆಳಗೆ ಹುಳ ಹರಿಯುತ್ತಿತ್ತು, ಅದಕ್ಕೆ ಇನ್ನೂ ಜೀವವಿತ್ತು. ನಾನು ಚೆಲ್ಲಿದ್ದ ಅಕ್ಕಿ ಕೀವಿನಂಥ ನೀರಿನಲ್ಲಿ ನೆನೆದು ಉಬ್ಬಿತ್ತು.

ಕೊನೆಗೆ ಚುಕ್ಕಿ ಹೇಂಟೆಗೂ ರೋಗ ಬಂತು. ಅದು ಅತ್ತಿಗೆಯ ಕಾಲು ಸುತ್ತಿಕೊಂಡೇ ಬೆಳೆದ ಕೋಳಿ. ಬೇಗ ಮುಗಿಯಲಿ ಎಂದು ಅದನ್ನು ನೀರು ತುಂಬಿದ ಬಕೆಟ್ಟಿಗೆ ಹಾಕಿದೆ. ಬೇಗ ಮುಗಿಯಲಿಲ್ಲ. ಮೇಲೆ ಹಲಗೆ ಮುಚ್ಚಿದರೆ ಹಲಗೆ ಅಲುಗಾಡಿತು. ಅದರ ಮೇಲೆ ಕುಳಿತೆ. ಮಾಂಸ ಮುಟ್ಟದ ನಾನು, ಸಮಿತಿಯ ಶಲ್ಯ ಹೆಗಲ ಮೇಲೆ ಹಾಕಿಕೊಂಡು, ಬಕೆಟ್ಟಿನ ಮೇಲೆ ಕುಳಿತು ಕೆಳಗಿನ ಬಡಿತ ನಿಲ್ಲುವುದನ್ನು ಕಾದೆ. ನಿಂತ ಮೇಲೆ ಹಲಗೆ ತೆಗೆದು, ಅದನ್ನು ಕೊಟ್ಟಿಗೆಯ ಹಿಂದೆ ಹೂತೆ.

ಮರುದಿನ ಶಿಕಾರಿಪುರದ ಪಶು ಆಸ್ಪತ್ರೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಡಾಕ್ಟರು ನನ್ನ ಮಗಳಷ್ಟೇ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಬೈಯಲಿಲ್ಲ, ಆದರೆ ಮುಖ ಸಿಂಡರಿಸಿದಳು.

“ಮುಳುಗಿಸೋದು, ಚೀಲದಲ್ಲಿ ಕಟ್ಟಿಡೋದು, ಹಾಗೇ ಬಿಡೋದು, ಎಲ್ಲಾ ಹಿಂಸೇನೇ ಅಜ್ಜ. ಉಳಿಯಲ್ಲ ಅಂತ ಗೊತ್ತಾದ್ಮೇಲೆ ಬೇಗ ಮುಗಿಸೋದೇ ದಯೆ. ತಲೆ ಮುಚ್ಚಿ, ಸಮಾಧಾನ ಆಗೋಕೆ ಬಿಟ್ಟು, ಒಂದೇ ಸಲಕ್ಕೆ ಕತ್ತು ಎಳೀಬೇಕು. ಕೈ ಪಳಗಿದವರೇ ಮಾಡ್ಬೇಕು. ಮುಂದಿನ ಸಲ ಮರಿ ತಂದಾಗ ಮೊದಲು ಲಸಿಕೆ ಹಾಕಿಸಿ.” ಆಮೇಲೆ ಕೇಳಿದಳು, “ನಿಮ್ಮನೇಲಿ ಇದು ಬರೋರು ಯಾರಾದ್ರೂ ಇದಾರಾ?”

“ಯಾರೂ ಇಲ್ರಿ” ಎಂದೆ.

ಅದಾದ ಸ್ವಲ್ಪ ದಿನಕ್ಕೆ ಅತ್ತಿಗೆಯೇ ಫೋನ್ ಮಾಡಿದರು.

“ತಮ್ಮ, ಕೋಳಿ ಹ್ಯಾಂಗಿದಾವೆ? ಚುಕ್ಕಿ ಕಾವಿಗೆ ಕೂತ್ತಾ?”

“ಎಲ್ಲಾ ಚೆನ್ನಾಗದಾವೆ ಅತ್ತಿಗಿ.”

“ಅಷ್ಟಾದ್ರೆ ಸಾಕು. ಮಗೂನ ತೊಟ್ಟಿಲಾಗೆ ಒಂದೇ ಮಗ್ಗುಲಿಗೆ ಮಲಗಿಸ್ಬ್ಯಾಡಿ ಅಂತ ಹೇಳು. ತಲೆ ಚಪ್ಪಟೆ ಆಗ್ತದೆ.”

ಹೇಳುತ್ತೇನೆ ಎಂದು ಫೋನ್ ಇಟ್ಟೆ. ಅವರು ಮುಟ್ಟದ ಆ ತೊಟ್ಟಿಲು ಆಗ ನನ್ನ ಎದುರಿಗೇ ತೂಗುತ್ತಿತ್ತು.

ಸಮಿತಿ ಬಿಟ್ಟೆ. ದೇವರಿಗೆ ತಪ್ಪುಕಾಣಿಕೆ ಹಾಕಿದೆ. ಮಗಳ ಹತ್ತಿರ ಹೇಳಿಕೊಂಡು ಅತ್ತೆ. ಮಂಕರಿಯನ್ನು ಸುಟ್ಟೆ. ಈಗ ಇದನ್ನು ಬರೆಯುತ್ತಿದ್ದೇನೆ. ಇದು ಕೂಡ ಒಂದು ಹಿಡಿ ಅಕ್ಕಿ ಚೆಲ್ಲಿ ಕೈಮುಗಿದು ಬರುವ ನನ್ನ ಹಳೆಯ ಬುದ್ಧಿಯೇ ಇರಬಹುದು, ಏಕೆಂದರೆ ಯಾರಿಗೆ ಇದು ಸಲ್ಲಬೇಕೋ ಅವರಿಗೆ ಓದಲು ಬಾರದು. ಅದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಜಡೆಗೆ ಸೊರಬದಿಂದ ಬಸ್ಸುಗಳಿವೆ, ನನ್ನ ಕಾಲೂ ಗಟ್ಟಿಯಾಗಿದೆ. ಎಲ್ಲರ ಹತ್ತಿರ ತಪ್ಪಾಯಿತು ಎಂದಿದ್ದೇನೆ. ಎನ್ನದೆ ಉಳಿದಿರುವುದು ಒಬ್ಬರ ಹತ್ತಿರ ಮಾತ್ರ. ನನ್ನ ಅಣ್ಣನ ಹೆಂಡತಿ, ನನ್ನನ್ನು ತಮ್ಮ ಎಂದು ಕರೆಯುವ ನನ್ನ ಅತ್ತಿಗೆ.